ಊರಿಗೆ ನೂರೆರಡೂವರೆ ಜ್ವರ

ಮಗುವಿನ ಮೈ ಸುಟ್ಟರೆ ಕನ್ನಡಿಗ ಬ್ರಿಟಿಷರ ಕಾಲಕ್ಕೆ ಓಡುತ್ತಾನೆ. ಊರು ಸುಟ್ಟರೆ ಸ್ವತಂತ್ರ ಭಾರತಕ್ಕೆ ವಾಪಸು ಬರುತ್ತಾನೆ. ಮೈಗೆ ನೂರೆರಡು, ಊರಿಗೆ ಮೂವತ್ತೊಂಬತ್ತು. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಎಂದು ಯಾರಿಗಾದರೂ ಹೇಳಿ ನೋಡಿ, ಮೊದಲು ನಿಮ್ಮ ಹಣೆ ಮುಟ್ಟಿ ನೋಡುತ್ತಾರೆ.

ದೇಶ 1956ರಲ್ಲಿ ತೂಕ-ಅಳತೆಗೆ ಹೊಸ ಕಾನೂನು ಮಾಡಿತು. ಮರುವರ್ಷ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾಪೈಸೆ ಬಂತು. ಅದರ ಹಿಂದೆಯೇ ಸೇರು, ಮಣ, ಮೈಲಿಗಳೂ ಗಂಟುಮೂಟೆ ಕಟ್ಟಿದವು. ಹವಾಮಾನದವರು ಸೆಲ್ಸಿಯಸ್ ಹಿಡಿದರು. ಮನುಷ್ಯನ ಮೈ ಮಾತ್ರ ಈ ಸುಧಾರಣೆಗೆ ಬಗ್ಗಲಿಲ್ಲ. ಎತ್ತರ ಈಗಲೂ ಅಡಿಯಲ್ಲಿ, ಸೊಂಟ ಇಂಚಿನಲ್ಲಿ, ಜ್ವರ ಫ್ಯಾರನ್‌ಹೀಟಿನಲ್ಲಿ. ತೂಕವೊಂದು ಕಿಲೋಗೆ ಬದಲಾಯಿತು, ಯಾಕೆಂದರೆ ಪೌಂಡಿನಲ್ಲಿ ಹೇಳಿದರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ.

ಸೂತ್ರವೇನೂ ಬ್ರಹ್ಮವಿದ್ಯೆಯಲ್ಲ. ಸೆಲ್ಸಿಯಸ್ಸನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿದರೆ ಫ್ಯಾರನ್‌ಹೀಟ್. ಇಷ್ಟೂ ಬೇಡವೆಂದರೆ ದುಪ್ಪಟ್ಟು ಮಾಡಿ ಮೂವತ್ತು ಸೇರಿಸಿ, ಮಾತಿಗೆ ಸಾಕು. ಸೋಮಾರಿಗಳಿಗೆಂದೇ ಪ್ರಕೃತಿ ಒಂದೆರಡು ರಿಯಾಯಿತಿಯನ್ನೂ ಇಟ್ಟಿದೆ: 16 ತಿರುಗಿಸಿದರೆ 61, 28 ತಿರುಗಿಸಿದರೆ 82, ದಶಮಾಂಶವನ್ನು ದುಂಡಾಗಿಸಿದರೆ ಲೆಕ್ಕ ಸರಿ. ಹೈಸ್ಕೂಲಿನಲ್ಲಿ ಇದೇ ಸೂತ್ರಕ್ಕೆ ಅಂಕ ಗಳಿಸಿದ ಗೃಹಸ್ಥ ಈಗ ಮೊಬೈಲ್ ತೆರೆದು ‘38 ಎಷ್ಟು’ ಎಂದು ಕೇಳುತ್ತಾನೆ. ಅದು 100.4 ಎನ್ನುತ್ತದೆ. ಆ ‘ಪಾಯಿಂಟ್ ನಾಲ್ಕು’ ಕಿವಿಗೆ ಬಿದ್ದದ್ದೇ ಮನೆಯಲ್ಲಿ ಗಲಾಟೆ ಶುರು.

ಆದರೆ ಈ ಮೂವತ್ತೆರಡು ಎಲ್ಲಿಂದ ಬಂತು ಎಂದು ಆಗ ಕೇಳಿದ್ದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ. ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಹುಟ್ಟಿದ್ದು 1686ರಲ್ಲಿ, ಈಗಿನ ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ 1701ರಲ್ಲಿ ವಿಷದ ಅಣಬೆ ತಿಂದು ಸತ್ತರು. ಹುಡುಗನನ್ನು ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡ್ಯಾಮಿಗೆ ಕಳಿಸಿದರೆ ಅವನು ಗಾಜಿನ ಕೊಳವೆಗಳ ಹಿಂದೆ ಬಿದ್ದ. 1708ರಲ್ಲಿ ಕೋಪನ್‌ಹೇಗನ್‌ಗೆ ಹೋಗಿ ಓಲೆ ರೋಮರ್‌ನನ್ನು ಕಂಡ. ಬೆಳಕಿಗೂ ಚಲಿಸಲು ಸಮಯ ಬೇಕು ಎಂದು ಗುರುಗ್ರಹದ ಚಂದ್ರನನ್ನು ನೋಡಿ ತೋರಿಸಿಕೊಟ್ಟ ಖಗೋಳಜ್ಞ ಈ ರೋಮರ್. ಅವನ ಮಾಪಕದಲ್ಲಿ ಮಂಜುಗಡ್ಡೆ ಕರಗುವುದು ಏಳೂವರೆಗೆ, ಮೈ ಬಿಸಿ ಇಪ್ಪತ್ತೆರಡೂವರೆ. ಈ ಅರ್ಧಗಳು ಫ್ಯಾರನ್‌ಹೀಟಿಗೆ ಹಿಡಿಸಲಿಲ್ಲ. ನಾಲ್ಕರಿಂದ ಗುಣಿಸಿದ, 30 ಮತ್ತು 90 ಆಯಿತು. ಅದನ್ನೂ ತುಸು ಎಳೆದು 32 ಮತ್ತು 96 ಮಾಡಿದ. ಕಾರಣ ಅಪ್ಪಟ ಕಸುಬುದಾರನದು: ನಡುವಿನ ಅಂತರ 64 ಆದರೆ ಅರ್ಧ ಮಾಡಿ, ಅರ್ಧದಲ್ಲಿ ಅರ್ಧ ಮಾಡಿ, ಹೀಗೆ ಆರು ಸಲಕ್ಕೆ ಒಂದೊಂದು ಡಿಗ್ರಿಯ ಗೀರು ಎಳೆಯಬಹುದು.

ಅಂದರೆ ಇವತ್ತಿಗೂ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಮೂವತ್ತೆರಡು ಯಾವ ನಿಸರ್ಗ ನಿಯಮವೂ ಅಲ್ಲ, ಗಾಜಿನ ಮೇಲೆ ಗೀರು ಹಾಕುವವನ ಅನುಕೂಲ. ಸೊನ್ನೆಗೆ ಅವನು ಆರಿಸಿಕೊಂಡದ್ದು ಮಂಜುಗಡ್ಡೆ, ನೀರು ಮತ್ತು ನವಸಾಗರದ ಮಿಶ್ರಣ. ಹೌದು, ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುತ್ತಿದ್ದ ಅದೇ ನವಸಾಗರ. ಮೇಲಿನ 96ಕ್ಕೆ ಆರೋಗ್ಯವಂತ ಮನುಷ್ಯನ ಬಾಯಿ ಇಲ್ಲವೇ ಕಂಕುಳು. ಇಷ್ಟನ್ನೂ ಬರೆದು 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅವನು ತೀರಿಕೊಂಡ ಮೇಲೆ ಬಂದವರು ನೀರು ಕುದಿಯುವುದನ್ನು 212ಕ್ಕೆ ಗಟ್ಟಿಯಾಗಿ ಕಟ್ಟಿಹಾಕಿದರು. ಮಾಪಕ ಸ್ವಲ್ಪ ಸರಿಯಿತು, ಮನುಷ್ಯನ ಮೈ 96ರಿಂದ 98 ದಾಟಿತು. ಇಡೀ ಮನುಕುಲದ ಮೈ ಬಿಸಿ ಎರಡೂವರೆ ಡಿಗ್ರಿ ಏರಿತು, ಒಬ್ಬರಿಗೂ ಜ್ವರ ಬರಲಿಲ್ಲ.

ಸೆಲ್ಸಿಯಸ್ ಪಕ್ಷದವರು ನಗಬೇಕಾಗಿಲ್ಲ. ಸ್ವೀಡನ್ನಿನ ಉಪ್ಸಾಲಾದ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮಂಡಿಸಿದ ಮಾಪಕ ಪೂರ್ತಿ ತಲೆಕೆಳಗು: ಕುದಿಯುವ ನೀರಿಗೆ ಸೊನ್ನೆ, ಮಂಜುಗಡ್ಡೆಗೆ ನೂರು. ಬಿಸಿ ಹೆಚ್ಚಿದಷ್ಟೂ ಸಂಖ್ಯೆ ಕಡಿಮೆ. ಎರಡೇ ವರ್ಷಕ್ಕೆ, 42ನೇ ವಯಸ್ಸಿಗೆ, ಕ್ಷಯದಿಂದ ಅವನು ತೀರಿಕೊಂಡ. ಆಮೇಲೆ ಯಾರೋ ಅದನ್ನು ತಿರುಗಿಸಿ ನೆಟ್ಟಗೆ ನಿಲ್ಲಿಸಿದರು. ಯಾರು ಎಂಬುದಕ್ಕೆ ಸಸ್ಯಗಳಿಗೆ ಹೆಸರಿಟ್ಟ ಲಿನೇಯಸ್ ಒಬ್ಬ ಹಕ್ಕುದಾರ, ಉಪ್ಸಾಲಾದ ಸಹೋದ್ಯೋಗಿ ಇನ್ನೊಬ್ಬ, ಉಪಕರಣ ಮಾಡುವವ ಮತ್ತೊಬ್ಬ. ಫ್ರಾನ್ಸಿನ ಲಿಯೋನ್‌ನಲ್ಲಿ ಕ್ರಿಸ್ಟಿನ್ ಎಂಬವನು 1743ರಲ್ಲೇ ಸ್ವತಂತ್ರವಾಗಿ ನೆಟ್ಟಗಿನದ್ದನ್ನು ಮಾಡಿದ್ದ. ಕೆಲಸ ಮಾಡಿದವರು ಹಲವರು, ಬೋರ್ಡಿನ ಮೇಲೆ ಹೆಸರು ಒಬ್ಬರದು, ನಮಗೆ ಹೊಸದೇನಲ್ಲ. ಆ ಹೆಸರೂ ಅಧಿಕೃತವಾದದ್ದು 1948ರಲ್ಲಿ. ಅಲ್ಲಿಯವರೆಗೆ ಅದು ಬರೀ ಸೆಂಟಿಗ್ರೇಡ್, ನಮ್ಮ ಹಿರಿಯರ ಬಾಯಲ್ಲಿ ಈಗಲೂ ಅಷ್ಟೆ.

ಆ ಪವಿತ್ರ ನೂರು ಕೂಡ ಸಮುದ್ರಮಟ್ಟದವರಿಗೆ ಮಾತ್ರ. ನೀರು ಕುದಿಯುವುದು ಗಾಳಿಯ ಒತ್ತಡದ ಮೇಲೆ ನಿಂತಿದೆ ಎಂದು ಸೆಲ್ಸಿಯಸ್ಸೇ ಬರೆದಿದ್ದ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲೆ ಕೂತ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97ಕ್ಕೇ ಕುದಿದು ಆವಿಯಾಗುತ್ತದೆ. ರಾಜಧಾನಿಯಲ್ಲಿ ನೂರಕ್ಕೆ ನೂರು ಆಗುವ ಕೆಲಸ ಬೇರೆ ಯಾವುದಾದರೂ ಇದ್ದರೆ ನೀರನ್ನು ದೂರಬಹುದಿತ್ತು.

ಇಷ್ಟೆಲ್ಲ ಕೂಡಿಸಿ ಕಳೆದು ಉಳಿಯುವುದೇನೆಂದರೆ, ಒಂದು ಮಾಪಕದಿಂದ ಇನ್ನೊಂದಕ್ಕೆ ಬದಲಿಸುವುದು ಗುಣಾಕಾರ, ಮಕ್ಕಳೂ ಮಾಡುತ್ತಾರೆ. ಬಿಸಿಯನ್ನು ನೆಟ್ಟಗೆ ಅಳೆಯುವುದು ಬೇರೆಯೇ ಕಸುಬು. ನಾವು ಗುಣಾಕಾರದಲ್ಲಿ ಜಗಳವಾಡುತ್ತ ಅಳತೆಯನ್ನು ಯಾರ ಕೈಗೋ ಬಿಟ್ಟಿದ್ದೇವೆ.

ಗುಣಾಕಾರದ ಜಗಳ ಕೇಳಬೇಕೆಂದರೆ ಅಮೆರಿಕದಲ್ಲಿ ಮಗನಿರುವ ಮೈಸೂರಿನ ಯಾವುದಾದರೂ ಮನೆಯ ಭಾನುವಾರದ ಫೋನಿಗೆ ಕಿವಿಗೊಡಿ.

“ಅಮ್ಮಾ, ಇವತ್ತು ಐವತ್ತಿದೆ. ಜಾಕೆಟ್ ಹಾಕ್ಕೊಂಡು ಹೊರಟಿದ್ದೀನಿ.”

“ಐವತ್ತರಲ್ಲಿ ಜಾಕೆಟ್ಟಾ? ಎಳನೀರು ಕುಡಿದು ಮನೇಲಿ ಬಿದ್ಕೊಳೋ!”

ಮಗನ ಐವತ್ತು ನಮ್ಮ ಹತ್ತು. ಅದನ್ನು ಅಮ್ಮನಿಗೆ ಬಿಡಿಸಿ ಹೇಳುವ ಹೊತ್ತಿಗೆ ಕಾಲ್ ಕಟ್ಟಾಗಿರುತ್ತದೆ. ಆ ದೇಶವೂ 1975ರಲ್ಲಿ ಮೆಟ್ರಿಕ್‌ಗೆ ಬದಲಾಗಲು ಕಾನೂನು ಮಾಡಿತ್ತು. ಇಷ್ಟವಿದ್ದವರು ಬದಲಾಗಿ ಎಂದಿತು. ಯಾರಿಗೂ ಇಷ್ಟವಾಗಲಿಲ್ಲ. ಅದಕ್ಕಾಗಿ ಮಾಡಿದ್ದ ಮಂಡಳಿಯನ್ನು 1982ರಲ್ಲಿ ರೇಗನ್ ಮುಚ್ಚಿಸಿದರು. ತಾಯಿ ಮಗ ಒಂದೇ ಸಂಖ್ಯೆ ಹೇಳಬೇಕಾದರೆ ಶೂನ್ಯಕ್ಕಿಂತ ನಲವತ್ತು ಕೆಳಗೆ ಹೋಗಬೇಕು. ಮೈನಸ್ 40ರಲ್ಲಿ ಫ್ಯಾರನ್‌ಹೀಟೂ ಸೆಲ್ಸಿಯಸ್ಸೂ ಒಂದೇ. 2019ರ ಜನವರಿ 30ರಂದು ಶಿಕಾಗೋ ಮೈನಸ್ 23 ಫ್ಯಾರನ್‌ಹೀಟ್‌ವರೆಗೆ, ನಮ್ಮ ಲೆಕ್ಕದಲ್ಲಿ ಮೈನಸ್ 30.6ರವರೆಗೆ, ಇಳಿದು ಆ ಒಪ್ಪಂದಕ್ಕೆ ಹತ್ತಿರ ಬಂದಿತ್ತು, ಅಷ್ಟರಲ್ಲಿ ಸೂರ್ಯ ಹುಟ್ಟಿದ.

ಮಾಪಕವನ್ನೇ ಗಮನಿಸದೆ ಸಂಖ್ಯೆ ನುಂಗುವ ಚಟಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಮನೆಯ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲಿದೆ. 1848ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್, ಸೊನ್ನೆಯನ್ನು ಮನಸ್ಸಿಗೆ ಬಂದಲ್ಲಿ ಇಡದೆ, ಇದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲ ಎಂಬ ಜಾಗದಲ್ಲಿ ಇಟ್ಟ. ಸೆಲ್ಸಿಯಸ್‌ನ ಮೈನಸ್ 273.15 ಅದು. ಎಲ್ಲ ಮಾಪಕಗಳಲ್ಲಿ ಮರ್ಯಾದಸ್ಥ ಇದೊಂದೇ. ನಾವು ಅದನ್ನು ಪರಿಚಯ ಮಾಡಿಕೊಂಡದ್ದು ಬಲ್ಬಿನಂಗಡಿಯಲ್ಲಿ. 3000 ಕೆಲ್ವಿನ್ನಿನ ಹಳದಿ ಬೆಳಕಿಗೆ ‘ವಾರ್ಮ್’ ಎಂದೂ 6500 ಕೆಲ್ವಿನ್ನಿನ ಬಿಳಿ ಬೆಳಕಿಗೆ ‘ಕೂಲ್’ ಎಂದೂ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಹೆಚ್ಚು ಕಾದದ್ದು ತಂಪು, ಕಡಿಮೆ ಕಾದದ್ದು ಬೆಚ್ಚಗೆ. ಅಂಗಡಿಯವನು “ಕೂಲ್ ತಗೊಳ್ಳಿ ಸಾರ್, ಬೇಸಿಗೆ ಅಲ್ವಾ” ಎನ್ನುತ್ತಾನೆ, ನಾವು ತಲೆಯಾಡಿಸಿ ತರುತ್ತೇವೆ.

ಇನ್ನು ಜ್ವರ. ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ವುಂಡರ್‌ಲಿಷ್ ಸಾವಿರಾರು ರೋಗಿಗಳ ಕಂಕುಳಲ್ಲಿ ಗೇಣುದ್ದದ ಥರ್ಮಾಮೀಟರ್ ಇಟ್ಟು ಲೆಕ್ಕ ಬರೆದು 1868ರಲ್ಲಿ ಪುಸ್ತಕ ಮಾಡಿದ. ಆರೋಗ್ಯವಂತರ ಮೈ ಬಿಸಿ ಸರಾಸರಿ 37 ಸೆಲ್ಸಿಯಸ್ ಎಂದ. ಅದೊಂದು ದುಂಡು ಸಂಖ್ಯೆ, ಆಚೀಚೆ ಅರ್ಧ ಡಿಗ್ರಿ ನಡೆಯುತ್ತದೆ ಎಂಬ ಅರ್ಥದ್ದು. ಅದನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿದರು: 98.6. ಮೂಲದಲ್ಲಿ ಇಲ್ಲದ ಕರಾರುವಾಕ್ಕುತನ ಗುಣಾಕಾರದಲ್ಲಿ ಹುಟ್ಟಿತು! ಅಮೆರಿಕದವರು ಆ ಆರಕ್ಕೆ ಬಾಣದ ಗುರುತು ಹಾಕಿದರು. ಬ್ರಿಟಿಷರು ಅದನ್ನು 98.4 ಎಂದರು, ಅವರ ಹಿಂದೆ ನಾವೂ. ನಮ್ಮ ಹಳೆಯ ಗಾಜಿನ ಥರ್ಮಾಮೀಟರಿನ ಕೆಂಪು ಬಾಣ 98.4ರಲ್ಲಿತ್ತು, ಮಣಿಕಟ್ಟು ಝಾಡಿಸಿ ಪಾದರಸ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಬೆಳ್ಳಿಗೆರೆ ಕಾಣುವವರೆಗೆ ಕಡ್ಡಿಯನ್ನು ತಿರುಗಿಸಿ ಓದಿ, ಬಾಣಕ್ಕಿಂತ ಕೂದಲೆಳೆ ಮೇಲಿದ್ದರೂ ಸಾರನ್ನ ಎಂದು ತೀರ್ಪು ಕೊಡುತ್ತಿದ್ದರು. 1992ರಲ್ಲಿ ಅಮೆರಿಕದ ವೈದ್ಯರೇ ಮತ್ತೆ ಅಳೆದು, ಸರಾಸರಿ 98.2 ಎಂದರು. ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು, ಒಬ್ಬೊಬ್ಬರಿಗೆ ಒಂದೊಂದು ಎಂದೂ ಹೇಳಿದರು. ಅಷ್ಟು ಉದ್ದದ ಮಾತು ಬಾಣದ ಗುರುತಿನಲ್ಲಿ ಹಿಡಿಸುವುದಿಲ್ಲ.

ಅಳತೆಯ ಶಾಸ್ತ್ರ ಬೀದಿಗೆ ಬಂದದ್ದು 2020ರಲ್ಲಿ. ಕೋವಿಡ್ ಕಾಲದ ಆ ಪಿಸ್ತೂಲು ನೆನಪಿರಬೇಕು. ಮಾಲ್, ಬ್ಯಾಂಕು, ಛತ್ರ ಎಲ್ಲ ಕಡೆ ಬಾಗಿಲಲ್ಲೊಬ್ಬ ಸೆಕ್ಯುರಿಟಿ, ಕೈಯಲ್ಲೊಂದು ಪಿಸ್ತೂಲು. ಅವನು ನಿಮ್ಮ ಮುಖ ನೋಡುತ್ತಿರಲಿಲ್ಲ, ಅಂಕಿಯನ್ನೂ ನೋಡುತ್ತಿರಲಿಲ್ಲ. ಬೀಪ್ ಎಂದರೆ ಒಳಗೆ ಬಿಡುತ್ತಿದ್ದ. ಹಣೆಯ ಬೆವರಿಗೆ, ಮುಂಗೈಗೆ, ಕೆಲವೊಮ್ಮೆ ಶರ್ಟಿನ ತೋಳಿಗೂ ಗುರಿಯಿಡುತ್ತಿದ್ದ. ಪುಸ್ತಕದಲ್ಲಿ ಹೆಸರು, ಮೊಬೈಲ್ ನಂಬರಿನ ಪಕ್ಕ ಬೀಳುತ್ತಿದ್ದ ಸಂಖ್ಯೆಗಳೋ, 93, 94, 92.7. ಒಳಮೈ 95 ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ವೈದ್ಯಶಾಸ್ತ್ರದಲ್ಲಿ ಅದು ಹೈಪೋಥರ್ಮಿಯಾ. ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಬರುವ ಸ್ಥಿತಿ. ಅಂದರೆ ದಾಖಲೆಯ ಪ್ರಕಾರ ನಡುಬೇಸಿಗೆಯಲ್ಲಿ ಸಾವಿರಾರು ಜನ ಚಳಿಯಿಂದ ಸಾಯುವ ಅಂಚಿನಲ್ಲಿ ಸೀರೆ ಅಂಗಡಿಗೆ ನುಗ್ಗಿದ್ದರು. ಆ ಪುಸ್ತಕಗಳನ್ನು ತೆರೆದು ಓದಿದವರು ಯಾರೂ ಇದ್ದಂತಿಲ್ಲ. ತುಂಬಿದವರಿಗೆ ತುಂಬಿದ್ದೇ ಪುಣ್ಯ.

ಟಿವಿಯವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ನಿನ್ನೆ 20 ಇದ್ದದ್ದು ಇವತ್ತು 40 ಆದರೆ ‘ದುಪ್ಪಟ್ಟು ಬಿಸಿ’ ಎನ್ನುತ್ತಾರೆ. ಕೆಲ್ವಿನ್‌ನಲ್ಲಿ ನೋಡಿದರೆ 293 ಹೋಗಿ 313 ಆಗಿದೆ, ನೂರಕ್ಕೆ ಏಳರಷ್ಟೂ ಏರಿಲ್ಲ; ಫ್ಯಾರನ್‌ಹೀಟಿನಲ್ಲಿ 68 ಹೋಗಿ 104, ಒಂದೂವರೆ ಪಟ್ಟು. ಒಂದೇ ಬಿಸಿಲು, ಮೂರು ಬ್ರೇಕಿಂಗ್ ನ್ಯೂಸ್. ‘ವಾಡಿಕೆಗಿಂತ 4.5 ಡಿಗ್ರಿ ಹೆಚ್ಚು’ ಎಂಬುದನ್ನು ಆ್ಯಪಿಗೆ ಕೊಟ್ಟು ನೋಡಿ, ಅದು ಭಕ್ತಿಯಿಂದ ಮೂವತ್ತೆರಡು ಕೂಡಿಸಿ ‘40.1 ಫ್ಯಾರನ್‌ಹೀಟ್ ಹೆಚ್ಚು’ ಎನ್ನುತ್ತದೆ. ಅಂತರಕ್ಕೆ ಮೂವತ್ತೆರಡು ಕೂಡಿಸುವಂತಿಲ್ಲ. ಅದು ಬರೀ 8.1. ಪ್ಯಾರಿಸ್ ಒಪ್ಪಂದದ 1.5 ಡಿಗ್ರಿಯನ್ನು ಹೀಗೇ ಬದಲಿಸಿದರೆ ಭೂಮಿ 34.7 ಡಿಗ್ರಿ ಕಾಯುತ್ತದೆ. ಸರಿಯಾದ ಉತ್ತರ 2.7.

ಏಪ್ರಿಲ್ ಬಂತೆಂದರೆ ವರದಿಗಾರ ಡಾಂಬರು ರಸ್ತೆಯ ಮೇಲೆ ಥರ್ಮಾಮೀಟರ್ ಮಲಗಿಸಿ, ಪಕ್ಕದಲ್ಲಿ ಮೊಟ್ಟೆ ಒಡೆದು, 58 ತೋರಿಸುತ್ತಾನೆ. ಬಿಸಿಲಲ್ಲಿ ನಿಲ್ಲಿಸಿದ ಕಾರು 44 ಎಂದರೆ ಮಾಲೀಕ ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾನೆ. ಅವರು ಅಳೆದದ್ದು ಡಾಂಬರನ್ನು, ಬಾನೆಟ್ಟನ್ನು. ಊರಿನ ಬಿಸಿ ಅಳೆಯಲು ಬೇಕಾದದ್ದು ಬಿಳಿ ಬಣ್ಣದ, ಸಂದುಪಟ್ಟಿಗಳ ಮರದ ಪೆಟ್ಟಿಗೆ. ನೆಲದಿಂದ ಆಳೆತ್ತರದಲ್ಲಿ, ಬಯಲಲ್ಲಿ, ಒಳಗೆ ಗಾಳಿಯಾಡುವಂತೆ. ಸ್ಟೀವನ್ಸನ್ ಪೆಟ್ಟಿಗೆ ಎನ್ನುತ್ತಾರೆ. ಮಾಡಿದವನು ಲೈಟ್‌ಹೌಸ್ ಕಟ್ಟುತ್ತಿದ್ದ ಥಾಮಸ್ ಸ್ಟೀವನ್ಸನ್, ‘ಟ್ರೆಷರ್ ಐಲ್ಯಾಂಡ್’ ಬರೆದವನ ಅಪ್ಪ. ಅಪ್ಪನ ಪೆಟ್ಟಿಗೆಯಲ್ಲಿ ಸಾಹಸವಿಲ್ಲ, ಆದ್ದರಿಂದ ಟಿವಿಗೆ ಪ್ರಯೋಜನವಿಲ್ಲ.

ಸರ್ಕಾರಿ ಉಪಕರಣವೂ ಮನುಷ್ಯ ಮಾಡಿದ್ದೇ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ತೋರಿಸಿತು, ದೇಶದ ದಾಖಲೆ ಮುರಿಯಿತೆಂದು ಗುಲ್ಲೆದ್ದಿತು. ಪರಿಶೀಲಿಸಿದರೆ ಸಂವೇದಕ 3 ಡಿಗ್ರಿ ಹೆಚ್ಚು ಓದುತ್ತಿತ್ತು. ಅಲ್ಲಿಗೆ ರಾಜಸ್ಥಾನದ ಫಲೋದಿಯ 2016ರ 51.0 ಉಳಿದುಕೊಂಡಿತು. ಲಿಬಿಯಾದ ಅಲ್ ಅಜೀಜಿಯಾ 1922ರ 58 ಡಿಗ್ರಿಯಿಂದ ಜಗತ್ತಿಗೇ ಬಿಸಿಯಾದ ಊರು ಎನಿಸಿಕೊಂಡಿತ್ತು. ಉಪಕರಣದ ಅಭ್ಯಾಸವಿಲ್ಲದವನು ಸುಮಾರು 7 ಡಿಗ್ರಿ ತಪ್ಪು ಓದಿರಬೇಕು ಎಂದು ವಿಶ್ವ ಹವಾಮಾನ ಸಂಸ್ಥೆ ಆ ಪಟ್ಟ ಕಿತ್ತುಕೊಂಡದ್ದು 2012ರಲ್ಲಿ. ತೊಂಬತ್ತು ವರ್ಷ ಶಾಲೆಯ ಮಕ್ಕಳು ಒಬ್ಬ ಹೊಸಬನ ಕಣ್ಣಳತೆಯನ್ನು ಬಾಯಿಪಾಠ ಮಾಡಿದ್ದರು.

ಆದರೂ ಇದೆಲ್ಲ ತಮಾಷೆ. ತಮಾಷೆಯಲ್ಲದ್ದು ಶಾಖದ ಅಲೆಯ ಲೆಕ್ಕ. ಹವಾಮಾನ ಇಲಾಖೆಯ ಮಾನದಂಡದಲ್ಲಿ ಬಯಲುಸೀಮೆಗೆ ಗರಿಷ್ಠ ತಾಪ ಕನಿಷ್ಠ 40 ಇರಬೇಕು, ಕರಾವಳಿಗೆ 37, ಗುಡ್ಡಗಾಡಿಗೆ 30. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಅಥವಾ ನೇರ 45 ಮುಟ್ಟಬೇಕು. ಈ ಗೆರೆ ಎಳೆದವರಿಗೆ ಅವರದೇ ಕಾರಣಗಳಿವೆ, ಎಲ್ಲೋ ಒಂದು ಕಡೆ ಗೆರೆ ಬೇಕೇ ಬೇಕು. ಗೆರೆಯನ್ನು ಶಾಸನ ಮಾಡಿಕೊಂಡವರ ವಿಷಯ ಬೇರೆ. 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಮುಟ್ಟಿತು, ನಗರದ ದಾಖಲೆ. 2024ರ ಏಪ್ರಿಲ್ 28ರಂದು 38.5. ಎರಡೂ ನಲವತ್ತಲ್ಲ. 39.2 ಎಂದರೆ ಫ್ಯಾರನ್‌ಹೀಟಿನಲ್ಲಿ ನೂರೆರಡೂವರೆ ಮೀರಿದ್ದು. ಮಗುವಿಗೆ ಅಷ್ಟು ಬಂದರೆ ನಡುರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಓಡುತ್ತೇವೆ. ಊರಿಗೆ ಬಂದರೆ, ಇನ್ನೂ ಸೊನ್ನೆ ಪಾಯಿಂಟ್ ಎಂಟು ಕಡಿಮೆ ಇದೆ, ನಾಳೆ ನೋಡೋಣ.

ಕಲಬುರಗಿಯವರಿಗೆ ಇದರ ತಿರುವುಮುರುವು ಕಷ್ಟ. ಅಲ್ಲಿ ಮೇ ತಿಂಗಳ ವಾಡಿಕೆಯೇ ನಲವತ್ತರ ಆಸುಪಾಸು. ಆದ್ದರಿಂದ 43 ಬಂದರೂ ‘ವಾಡಿಕೆಗಿಂತ ತುಸು ಹೆಚ್ಚು’. ಅಲೆ ಎನಿಸಿಕೊಳ್ಳಲು 45ರ ಹತ್ತಿರ ಹೋಗಬೇಕು. ದಿನವೂ ಬೇಯುವವನಿಗೆ ಬೇಯುವುದು ರೂಢಿ, ರೂಢಿಗೆ ಪರಿಹಾರವಿಲ್ಲ. ಸರ್ಕಾರಿ ಕಚೇರಿ ಮಾತ್ರ ಈ ಅಂಕಗಣಿತಕ್ಕೆ ಕಾಯುವುದಿಲ್ಲ. ಏಪ್ರಿಲ್-ಮೇನಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಒಳ್ಳೆಯ ಪದ್ಧತಿ, ವಿಜಯಪುರ ಬಾಗಲಕೋಟೆಗೂ ಇದೆ. ಫ್ಯಾನಿನ ಕೆಳಗೆ ಕೂತವರಿಗೆ ಬಿಸಿಲೆಂದು ಗೊತ್ತಾಗಲು ಆದೇಶವೊಂದು ಸಾಕು. ಸೆಂಟ್ರಿಂಗ್ ಕಟ್ಟುವವನಿಗೆ, ಕಲ್ಲು ಒಡೆಯುವವನಿಗೆ, ಬೈಕಿನಲ್ಲಿ ಬಿರಿಯಾನಿ ಹೊತ್ತು ಮೂರನೇ ಮಹಡಿ ಹತ್ತುವವನಿಗೆ ಬುಲೆಟಿನ್ ಬೇಕು, ವಾಡಿಕೆಗಿಂತ 4.5 ಬೇಕು, ಎರಡು ದಿನದ ದಾಖಲೆ ಬೇಕು. ಅವನ ಮೈ 104 ದಾಟಿ ಮಾತು ತೊದಲಿದರೆ ಅದು ಹೀಟ್ ಸ್ಟ್ರೋಕ್ ಎಂದು ಆಸ್ಪತ್ರೆಗೆ ಗೊತ್ತು. ಸೆಲ್ಸಿಯಸ್ಸಿನಲ್ಲಿ ಅದೂ ನಲವತ್ತೇ. ಗಾಳಿಗೆ ನಲವತ್ತು ಬಂದಾಗ ಎದ್ದು ಕೂರುವ ಫೈಲು, ಮನುಷ್ಯನಿಗೆ ನಲವತ್ತು ಬಂದಾಗ ಪೋಸ್ಟ್‌ಮಾರ್ಟಂ ವರದಿ ಕೇಳುತ್ತದೆ.

ಹವಾಮಾನ ವರದಿಯನ್ನು ಫ್ಯಾರನ್‌ಹೀಟಿಗೆ ಬದಲಿಸಿ ಎಂದು ಒಂದು ಮನವಿ ಕೊಡಬಹುದು. ಕನ್ನಡಿಗ ಹೆದರುವುದು ಆ ಒಂದು ಮಾಪಕಕ್ಕೆ. ‘ಇಂದು ರಾಯಚೂರಿಗೆ 109’ ಎಂದರೆ ಅಜ್ಜಿಯರಾದರೂ ಒದ್ದೆ ಬಟ್ಟೆ ಹಿಡಿದು ಎದ್ದಾರು. ಆದರೆ ಮಂತ್ರಿಗಳ ಕಚೇರಿಯಲ್ಲಿ ಇತಿಹಾಸ ಓದಿಕೊಂಡ ಯಾರಾದರೂ ಇದ್ದರೆ ಆ ಮನವಿ ಪಕ್ಕಕ್ಕೆ ಸರಿದು, ಸೆಲ್ಸಿಯಸ್ ಸಾಹೇಬರ 1742ರ ಮೂಲ ಮಾಪಕ, ತಲೆಕೆಳಗಿನದ್ದು, ಜಾರಿಗೆ ಬರುತ್ತದೆ. ಆಗ ಜನವರಿಯಲ್ಲಿ 85 ಇದ್ದ ಕಲಬುರಗಿಯ ತಾಪಮಾನವನ್ನು ಮೇ ಹೊತ್ತಿಗೆ 55ಕ್ಕೆ ಇಳಿಸಿದ ಸಾಧನೆಗೆ ಜಿಲ್ಲೆಯ ತುಂಬ ಫ್ಲೆಕ್ಸ್ ಬೀಳುತ್ತದೆ, ಪಕ್ಕದಲ್ಲಿ ಹಾರ ಹಾಕಿಕೊಂಡ ಫೋಟೋ ಸಮೇತ. ವಿರೋಧ ಪಕ್ಷದವರು ನಮ್ಮ ಕಾಲದಲ್ಲಿ 54 ಇತ್ತು ಎನ್ನುತ್ತಾರೆ.